ಬಡಿಸುವವರೂ ಉಣ್ಣುವವರೂ

ನಮ್ಮ ಹೆಗ್ಗಡದೇವನಕೋಟೆಯ ಕಡೆ ‘ಸರ್ವರ್’ ಎಂಬ ಪದ ಗೊತ್ತಿಲ್ಲದವರು ಈಗ ಯಾರೂ ಇಲ್ಲ. ಸರ್ವರ್ ಎಂದರೆ ಇಲ್ಲದ ವಸ್ತು. ಪಡಿತರ ತರಲು ಹೋದರೆ ಸರ್ವರ್ ಇಲ್ಲ. ಪಹಣಿ ಕೇಳಲು ಹೋದರೆ ಸರ್ವರ್ ಇಲ್ಲ, ಊಟ ಮಾಡಿಕೊಂಡು ಬನ್ನಿ. ದೇವರು ಇದ್ದಾನೋ ಇಲ್ಲವೋ ಎಂದು ವಾದ ಮಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸರ್ವರ್ ವಿಷಯದಲ್ಲಿ ಮಾತ್ರ ಜನ ಒಮ್ಮತಕ್ಕೆ ಬಂದಾಗಿದೆ.

ನನ್ನ ವಯಸ್ಸಿನವರಿಗೆ ಈ ಪದ ಮೊದಲು ಪರಿಚಯವಾದದ್ದು ಹೋಟೆಲುಗಳಲ್ಲಿ. ಅಲ್ಲಿ ಸರ್ವರ್ ಎಂದರೆ ಹೆಗಲ ಮೇಲೊಂದು ಬಟ್ಟೆ ಹಾಕಿಕೊಂಡು, ಹತ್ತು ಮೇಜಿನ ಬೇಡಿಕೆಯನ್ನು ತಲೆಯಲ್ಲಿಟ್ಟುಕೊಂಡು, ಯಾರಿಗೂ ಯಾರದೂ ಅದಲುಬದಲಾಗದಂತೆ ತಂದಿಡುತ್ತಿದ್ದ ಮನುಷ್ಯ. ಕಂಪ್ಯೂಟರಿಗೆ ಆ ಹೆಸರು ಬಂದದ್ದೂ ಅದೇ ಅರ್ಥದಲ್ಲಿ. ಅದು ಬಡಿಸುವ ಯಂತ್ರ. ನಾವು ಮನೆಯಲ್ಲಿಟ್ಟುಕೊಳ್ಳುವುದು ಉಣ್ಣುವ ಯಂತ್ರ.

ಈ ಭೇದದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಬೇಕಾಗಿ ಬಂದದ್ದು ನನ್ನ ತಂಗಿಯ ಮಗನ ದೆಸೆಯಿಂದ. ಹ್ಯಾಂಡ್‌ಪೋಸ್ಟಿನಲ್ಲಿ ಅವನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಅರ್ಜಿ ತುಂಬಿಕೊಡುವುದು, ಜೆರಾಕ್ಸ್, ಮದುವೆ ಫೋಟೋ ತಿದ್ದುವುದು ಇತ್ಯಾದಿ. ಸುತ್ತಲಿನ ಐದಾರು ಸ್ತ್ರೀಶಕ್ತಿ ಸಂಘಗಳ ಉಳಿತಾಯ ಮತ್ತು ಸಾಲದ ಲೆಕ್ಕವನ್ನು ತನ್ನಲ್ಲೇ ಇಟ್ಟು, ತಿಂಗಳಿಗೊಮ್ಮೆ ಅಚ್ಚು ತೆಗೆದುಕೊಡುವ ಕೆಲಸವನ್ನೂ ಒಪ್ಪಿಕೊಂಡಿದ್ದ. ಅಂಗಡಿ ಬಾಗಿಲು ಎಳೆದ ಮೇಲೆ ಗೆಳೆಯರ ಜತೆ ಕಂಪ್ಯೂಟರ್ ಆಟ. ಹಳೆಯ ಯಂತ್ರ ಕೈಕೊಟ್ಟಿತ್ತು. ಹೊಸದಕ್ಕೆ ಇದ್ದ ದುಡ್ಡಿನಲ್ಲಿ ಎರಡು ಪ್ರೊಸೆಸರುಗಳು ಅವನ ಮನಸ್ಸಿಗೆ ಬಂದಿದ್ದವು.

ಒಂದು ಇಂಟೆಲ್ ಕಂಪನಿಯ ಜಿಯಾನ್ ಇ5-2680 ವಿ4. 2016ರ ಸರ್ವರ್ ಪ್ರೊಸೆಸರು, ಹದಿನಾಲ್ಕು ಕೋರ್, 2.4 ಗಿಗಾಹರ್ಟ್ಸ್ ವೇಗ, ಅವಸರ ಬಿದ್ದರೆ 3.3. ದೊಡ್ಡ ಕಂಪನಿಗಳು ತಮ್ಮ ಸರ್ವರುಗಳನ್ನು ಕೆಲವು ವರ್ಷ ದುಡಿಸಿ ಹೊರಹಾಕುತ್ತವೆ. ಅವುಗಳ ಪ್ರೊಸೆಸರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಇನ್ನೊಂದು ಎಎಂಡಿ ಕಂಪನಿಯ ರೈಜನ್ 5 5600. 2022ರಲ್ಲಿ ಬಂದದ್ದು, ಆರೇ ಕೋರ್, ಆದರೆ 4.4 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ. ಆಟದ ಹುಡುಗರಿಗೆ ಪ್ರಿಯವಾದದ್ದು.

“ನೀವೇ ಹೇಳಿ ಮಾವ. ಹದಿನಾಲ್ಕು ದೊಡ್ಡದೋ ಆರು ದೊಡ್ಡದೋ?” ಎಂದು ಕೇಳಿದ.

ಅಂಕಗಣಿತವಾಗಿದ್ದರೆ ಉತ್ತರ ಸುಲಭವಿತ್ತು. ನಮ್ಮ ಸೀಮೆಯ ಹಳ್ಳಿಕಾರ್ ಎತ್ತುಗಳನ್ನು ನೋಡಿದವರಿಗೆ ವಿಷಯ ಅರ್ಥವಾಗುತ್ತದೆ: ಗಾಡಿ ಓಟಕ್ಕೆ ಸಾಕಿದ ಜೋಡಿ ಬೇರೆ, ಉಳುವ ಜೋಡಿ ಬೇರೆ. ಆಟದಲ್ಲಿ ಒಂದು ಲೆಕ್ಕ ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಹತ್ತು ಜನಕ್ಕೆ ಹಂಚಲಾಗದ ಕೆಲಸ ಅದು. ಅಲ್ಲಿ ಬೇಕಾದದ್ದು ಒಬ್ಬನ ಚುರುಕು. ಸರ್ವರಿನಲ್ಲಾದರೆ ನೂರು ಜನ ನೂರು ಕಡೆಯಿಂದ ಒಟ್ಟಿಗೆ ಕೇಳುತ್ತಾರೆ. ಒಬ್ಬರದು ಒಂದು ಗಳಿಗೆ ತಡವಾದರೂ ಆದೀತು, ಯಾರದೂ ನಿಲ್ಲಬಾರದು. ಅಲ್ಲಿ ಬೇಕಾದದ್ದು ಬಹಳ ಕೈಗಳು. ಆದರೆ ಆರು ವರ್ಷದ ಅಂತರ ಈ ವಿದ್ಯೆಯಲ್ಲಿ ಒಂದು ತಲೆಮಾರು. ಹೊಸದರ ಆರು ಕೋರ್‌ಗಳು ಹಳೆಯ ಹದಿನಾಲ್ಕಕ್ಕೆ ಒಟ್ಟು ಕೆಲಸದಲ್ಲೂ ಸೋಲುವುದಿಲ್ಲ. ವಿದ್ಯುತ್ ತಿನ್ನುವುದೂ ಕಡಿಮೆ, ಅದಕ್ಕೆ 120 ವಾಟ್ ಆದರೆ ಇದಕ್ಕೆ 65. ಕರೆಂಟು ಹೋದಾಗ ಯುಪಿಎಸ್ ಮೇಲೆ ನಡೆಯಬೇಕಾದ ಅಂಗಡಿಗೆ ಇದು ಸಣ್ಣ ಮಾತಲ್ಲ.

ಇಷ್ಟಾದ ಮೇಲೆ ನಿರ್ಧಾರ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎತ್ತಿನ ಹೋಲಿಕೆ ಒಂದು ಕಡೆ ಕುಂಟುತ್ತದೆ. ಎತ್ತಿಗೆ ಸುಸ್ತಾದರೆ ಮಲಗುತ್ತದೆ, ಕಾಲು ಉಳುಕಿದರೆ ಕುಂಟುತ್ತದೆ, ನೋಡುವವನಿಗೆ ಗೊತ್ತಾಗುತ್ತದೆ. ಕಂಪ್ಯೂಟರಿನ ನೆನಪಿನಲ್ಲಿ ಒಂದು ಅಂಕಿ ತಪ್ಪಿದರೆ ಅದು ಕುಂಟುವುದಿಲ್ಲ. ತಪ್ಪು ಅಂಕಿಯನ್ನೇ ಸರಿಯಾದ ಅಂಕಿಯಷ್ಟೇ ನೆಟ್ಟಗೆ ಅಚ್ಚು ಹಾಕಿ ಕೊಡುತ್ತದೆ.

ಅಂಕಿ ತಾನಾಗಿ ತಪ್ಪುತ್ತದೆಯೇ ಎಂದು ಕೇಳಬಹುದು. ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಎಲ್ಲವೂ ಸೊನ್ನೆ ಇಲ್ಲವೇ ಒಂದು. ಮೆಮೊರಿ ಪಟ್ಟಿಯ ದೋಷದಿಂದಲೋ, ಬಾಹ್ಯಾಕಾಶದಿಂದ ಬರುವ ಕಿರಣಗಳು ವಾತಾವರಣಕ್ಕೆ ಬಡಿದು ಸಿಡಿಸಿದ ಕಣವೊಂದು ತಾಗಿದ್ದರಿಂದಲೋ ಒಂದು ಬಿಟ್ ಮಗುಚಿಬೀಳಬಹುದು. 2003ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅಂದರೆ ಒಂದೇ ಒಂದು ಬಿಟ್ ಮಗುಚಿತ್ತು. ಕಾರಣ ರುಜುವಾಗಲಿಲ್ಲ, ಪರಿಶೀಲಿಸಿದವರ ಊಹೆ ಮಾತ್ರ ಆಕಾಶದ ಕಡೆಗೆ ಹೋಯಿತು. ಗೂಗಲ್ ಕಂಪನಿಯ ಸರ್ವರುಗಳನ್ನು ಬಹುಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ಇಂಥ ತಪ್ಪು ಕಂಡಿತ್ತು.

ನಾನು ಸಂಘದ ಲೆಕ್ಕಕ್ಕೇ ಇಳಿಸಿ ನೋಡಿದೆ. ಒಬ್ಬ ಹೆಣ್ಣುಮಗಳ ಉಳಿತಾಯ 2,300 ರೂಪಾಯಿ ಎನ್ನಿ. ಆ ಸಂಖ್ಯೆಯಲ್ಲಿ ಅತಿ ದೊಡ್ಡ ಬಿಟ್ಟಿನ ಬೆಲೆ 2,048. ಅದು ಮಗುಚಿ ಸೊನ್ನೆಯಾದರೆ ಉಳಿಯುವುದು 252.

ಇದಕ್ಕೆ ಮದ್ದು ಇಲ್ಲದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞ ವಾರಾಂತ್ಯದಲ್ಲಿ ಯಂತ್ರಕ್ಕೆ ಲೆಕ್ಕ ಕೊಟ್ಟು ಹೋಗುತ್ತಿದ್ದ. ಸೋಮವಾರ ಬಂದು ನೋಡಿದರೆ ಯಂತ್ರ ತಪ್ಪನ್ನು ಕಂಡು ಲೆಕ್ಕವನ್ನೇ ಕೈಬಿಟ್ಟಿರುತ್ತಿತ್ತು. ತಪ್ಪಾಗಿದೆ ಎಂದು ತಿಳಿಯಬಲ್ಲ ಯಂತ್ರ, ಎಲ್ಲಿ ಆಗಿದೆ ಎಂದು ತಿಳಿದು ತಾನೇ ಏಕೆ ತಿದ್ದಿಕೊಳ್ಳಬಾರದು ಎಂದು ರೇಗಿ ಅವನು ಕಂಡುಕೊಂಡ ಉಪಾಯ 1950ರಲ್ಲಿ ಪ್ರಕಟವಾಯಿತು. ಅದರ ವಂಶದ್ದೇ ಇಂದಿನ ‘ಇಸಿಸಿ’ ಮೆಮೊರಿ. ಅರುವತ್ತನಾಲ್ಕು ಬಿಟ್ಟಿಗೆ ಎಂಟು ಕಾವಲು ಬಿಟ್. ಒಂದು ತಪ್ಪಿದರೆ ತಿದ್ದುತ್ತದೆ. ಎರಡು ತಪ್ಪಿದರೆ, ತಿದ್ದಲಾರೆ, ಆದರೆ ತಪ್ಪಾಗಿದೆ ಎಂದು ಹೇಳುತ್ತದೆ. ಸರ್ವರ್ ಪ್ರೊಸೆಸರುಗಳು ಇದನ್ನು ಬಳಸುತ್ತವೆ. ಆಟದ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಇದರ ಮಾತಿಲ್ಲ.

ಯಾಕಿಲ್ಲ ಎಂಬುದು ನನಗೆ ನಿಜವಾಗಿ ಸಿಟ್ಟು ಬರಿಸಿದ ಸಂಗತಿ. ಮಾಡಲು ಬಾರದೆ ಬಿಟ್ಟದ್ದಲ್ಲ. 2011ರ ನಂತರ ಕೆಲವು ವರ್ಷ ಇಂಟೆಲ್‌ನ ಸಣ್ಣ ಜಿಯಾನ್ ಪ್ರೊಸೆಸರೂ ಮನೆಬಳಕೆಯ ಕೋರ್ ಐ7 ಕೂಡ ಒಂದೇ ಅಚ್ಚಿನ ಸಿಲಿಕಾನ್. ಒಂದರಲ್ಲಿ ತಪ್ಪು ತಿದ್ದುವ ಶಕ್ತಿಯನ್ನು ಉಳಿಸಿ, ಇನ್ನೊಂದರಲ್ಲಿ ಮುಚ್ಚಿ ಮಾರುತ್ತಿದ್ದರು. ಲಿನಕ್ಸ್‌ನ ಕರ್ತೃ ಲಿನಸ್ ಟಾರ್ವಾಲ್ಡ್ಸ್ 2021ರ ಜನವರಿಯಲ್ಲಿ ಇದನ್ನು ಬಹಿರಂಗವಾಗಿ, ಬಹಳ ಕಟುವಾಗಿಯೇ ಖಂಡಿಸಿದರು. ವೇಗಕ್ಕೆ ಹೆಚ್ಚು ಬೆಲೆ ಕೇಳಿದರೆ ವ್ಯಾಪಾರ ಎನ್ನಬಹುದು. ಅಕ್ಕಿ ಅಂಗಡಿಯವನು ಸರಿಯಾದ ತಕ್ಕಡಿಗೆ ಬೇರೆ ಬೆಲೆ ಕೇಳಿದರೆ ಏನೆನ್ನಬೇಕು?

ಆದರೆ ಕಂಪನಿಯನ್ನು ಬೈದರೆ ಹ್ಯಾಂಡ್‌ಪೋಸ್ಟಿನ ಅಂಗಡಿಯ ಪ್ರಶ್ನೆ ಬಗೆಹರಿಯುವುದಿಲ್ಲ. ಅವನ ಮುಂದಿದ್ದ ಪ್ರಶ್ನೆ ಬೇರೆಯದು. ಆಟವಾಡುವಾಗ ಬಿಟ್ ಮಗುಚಿದರೆ ಪರದೆಯ ಮೇಲೊಂದು ಚುಕ್ಕೆ ಬಣ್ಣಗೆಟ್ಟೀತು, ಅಥವಾ ಆಟ ನಿಂತೀತು. ತಪ್ಪು ಆದದ್ದೂ ಅವನಿಗೆ, ಕಂಡದ್ದೂ ಅವನಿಗೆ. ಸಂಘದ ಲೆಕ್ಕದಲ್ಲಿ ತಪ್ಪು ಆಗುವುದು ಅವನ ಅಂಗಡಿಯಲ್ಲಿ, ಅನುಭವಿಸುವುದು ಅಂತರಸಂತೆಯ ಕಡೆ ಹತ್ತಿ ಬಿಡಿಸುತ್ತಿರುವ ಒಬ್ಬಾಕೆ. ಅವಳು ಆ ಯಂತ್ರವನ್ನು ನೋಡಿಲ್ಲ. ಯಾವ ಪ್ರೊಸೆಸರು ಎಂದು ಅವಳನ್ನು ಯಾರೂ ಕೇಳಿಲ್ಲ.

ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲಿ ‘ನಿಕ್ಷೇಪ’ ಎಂಬ ವಿಚಾರವಿದೆ: ಇನ್ನೊಬ್ಬರು ನಂಬಿ ಇಟ್ಟ ವಸ್ತು. ಮನುಸ್ಮೃತಿಯ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ನಂತರ ಎರಡನೆಯದೇ ಇದು. (ಮನುವಿನ ಹೆಸರೆತ್ತಿದರೆ ಸಿಟ್ಟಾಗುವವರಿಗೆ ಸಿಟ್ಟಾಗಲು ಸಾಕಷ್ಟು ಕಾರಣಗಳಿವೆ, ನನಗೂ ಇವೆ, ಈ ಒಂದು ಮಾತಿಗೆ ಮಾತ್ರ ಅವನನ್ನು ಕರೆದಿದ್ದೇನೆ.) ಇಟ್ಟ ವಸ್ತುವನ್ನು ಕಳ್ಳರು ಒಯ್ದರೆ, ನೀರು ಕೊಚ್ಚಿಕೊಂಡು ಹೋದರೆ, ಬೆಂಕಿ ಸುಟ್ಟರೆ, ಇಟ್ಟುಕೊಂಡವನು ತಾನು ಅದರಿಂದ ಏನನ್ನೂ ತೆಗೆದುಕೊಂಡಿರದಿದ್ದರೆ ಕೊಡಬೇಕಾಗಿಲ್ಲ ಎನ್ನುತ್ತದೆ ಆ ಶಾಸ್ತ್ರ. ನ್ಯಾಯವಾದದ್ದೇ. ದೈವದ ತಪ್ಪಿಗೆ ಮನುಷ್ಯನನ್ನು ಹಿಡಿಯಬಾರದು.

ಆಕಾಶದಿಂದ ಬಂದ ಕಣ ಈ ಪಟ್ಟಿಗೆ ಸೇರುತ್ತದೆಯೇ? ಮೇಲುನೋಟಕ್ಕೆ ಬೆಂಕಿ, ನೀರಿಗಿಂತಲೂ ಅಪ್ಪಟ ದೈವ ಅದು. ಆದರೆ ಬೆಂಕಿಯೂ ಹುಲ್ಲು ಮನೆಗೆ ಬಿದ್ದರೆ ಒಂದು ಮಾತು, ಹಂಚಿನ ಮನೆ ಕಟ್ಟಬಲ್ಲವನು ಇನ್ನೊಬ್ಬರ ಗಂಟನ್ನು ಹುಲ್ಲು ಮನೆಯಲ್ಲಿಟ್ಟಿದ್ದರೆ ಇನ್ನೊಂದು ಮಾತು. ತಡೆಯುವ ಉಪಾಯ ಲೋಕಕ್ಕೆ ತಿಳಿದಿದ್ದು, ಕೆಲವು ಸಾವಿರಕ್ಕೆ ಸಿಗುವಂತಿದ್ದು, ನಮಗೆ ಅದು ಗೊತ್ತೂ ಇದ್ದ ಮೇಲೆ, ಆ ತಪ್ಪು ದೈವದ ಖಾತೆಯಿಂದ ನಮ್ಮ ಖಾತೆಗೆ ವರ್ಗವಾಗುತ್ತದೆ. ತಿಳಿಯುವ ಮುಂಚೆ ನಿರಪರಾಧಿಯಾಗಿದ್ದವನು ತಿಳಿದ ದಿನದಿಂದ ಹಾಗಿರುವುದಿಲ್ಲ.

ಹುಡುಗ ಸುಮ್ಮನೆ ಒಪ್ಪುವವನಲ್ಲ. “ಹಂಗಾದ್ರೆ ಇದಕ್ಕೆ ಕೊನೆ ಎಲ್ಲಿ ಮಾವ? ಇವತ್ತು ಮೆಮೊರಿ, ನಾಳೆ ಎರಡು ಯಂತ್ರ, ನಾಡಿದ್ದು ಮೈಸೂರಲ್ಲೊಂದು. ತಿಂಗಳಿಗೆ ಅವರು ಕೊಡೋದೆಷ್ಟು? ಅಂಕಿ ತಪ್ಪೋದು ಆಕಾಶದಿಂದಲ್ಲ, ನನ್ನ ಬೆರಳಿಂದ” ಎಂದ. ಕೊನೆಯ ಮಾತಿಗೆ ಎದುರಾಡುವಂತಿರಲಿಲ್ಲ. ಸಾವಿರ ತಪ್ಪುಗಳಲ್ಲಿ ಒಂಬೈನೂರ ತೊಂಬತ್ತಕ್ಕಿಂತ ಹೆಚ್ಚು ಬೆರಳಿನವೇ ಇರಬಹುದು. ಆದರೆ ಬೆರಳಿನ ತಪ್ಪು ಬರೆದ ಚೀಟಿಯ ಜತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ. ಸರಿಯಾಗಿ ಬರೆದು, ತಾಳೆ ನೋಡಿ, ಮುಚ್ಚಿಟ್ಟ ಮೇಲೆ ಬದಲಾದ ಅಂಕಿಯನ್ನು ಯಾರು ಹುಡುಕುತ್ತಾರೆ?

ಇಲ್ಲಿ ನನಗೆ ಪಹಣಿ ನೆನಪಾಗುತ್ತದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಲಂಚ ಕೊಡದೆ 15 ರೂಪಾಯಿಗೆ ಪಹಣಿ ಸಿಗುವಂತಾದದ್ದು ದೊಡ್ಡ ಬಿಡುಗಡೆ, ಅದನ್ನು ಮರೆಯಬಾರದು. ಯಾವ ನೌಕರ ಯಾವ ದಾಖಲೆ ಮುಟ್ಟಿದ ಎಂದು ತಿಳಿಯಲು ಬೆರಳಚ್ಚು ಪಡೆಯುವ ಏರ್ಪಾಡನ್ನೂ ಅದರಲ್ಲಿ ಮಾಡಿದ್ದರು. ತಿದ್ದಿದವನ ಹೆಸರು ಉಳಿಯಬೇಕು ಎಂಬ ಬುದ್ಧಿ ಅದು. ನಮ್ಮ ತಾಲ್ಲೂಕಿನಲ್ಲಿ ಇದರ ಭಾರ ಹೆಚ್ಚು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರು ಬಿಟ್ಟು ಬಂದ ಕುಟುಂಬಗಳಿಗೆ ತೋರಿಸಲು ಹೊಲದ ಬದುವಿಲ್ಲ, ಗಡಿಕಲ್ಲಿಲ್ಲ. ಕಾಗದದ ಅಂಕಿಯೇ ಅವರ ಊರು. ಶಾನುಭೋಗ ತಪ್ಪು ಬರೆದರೆ ಅವನ ಮನೆ ಜಗಲಿಯಲ್ಲಿ ಕುಳಿತು ಜಗಳವಾದರೂ ಆಡಬಹುದಿತ್ತು.

ಕೊನೆಗೆ ಅವನು ಕೊಂಡದ್ದು ಹದಿನಾಲ್ಕರದ್ದಲ್ಲ. ರೈಜನ್ ಪ್ರೊಸೆಸರುಗಳಲ್ಲಿ ಕೆಲವಕ್ಕೆ, ಹೊಂದುವ ಮದರ್‌ಬೋರ್ಡ್ ಇದ್ದರೆ, ಇಸಿಸಿ ಮೆಮೊರಿ ಹಾಕಬಹುದು; ಕಂಪನಿ ಅದನ್ನು ಸಾರಿ ಹೇಳುವುದಿಲ್ಲ ಅಷ್ಟೆ. ಓಟದ ಎತ್ತಿಗೇ ಕಾವಲು ಕಟ್ಟಿದಂತಾಯಿತು. ವೇಗವೆಂದರೆ ಪಾಪ ಎಂದು ನಾನು ತಿಳಿದಿಲ್ಲ. ಆದರೂ ವೇಗವನ್ನೇ ಹಿಂಡುತ್ತಾ ಹೋದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಕಂಡೆವು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಅತಿವೇಗದ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಒಳಗೊಳಗೇ ಸವೆದು ಕೆಟ್ಟವು. ಕಂಪನಿ ತಿದ್ದುಪಡಿ ಕಳಿಸಿತು, ಖಾತರಿಯನ್ನು ಎರಡು ವರ್ಷ ವಿಸ್ತರಿಸಿತು. ಸವೆದದ್ದು ಮಾತ್ರ ಮರಳಲಿಲ್ಲ. ಆ ಪ್ರೊಸೆಸರುಗಳನ್ನು ಹಗಲೂ ರಾತ್ರಿ ಸರ್ವರ್ ಕೆಲಸಕ್ಕೆ ಹಚ್ಚಿದ್ದವರೂ ದೂರಿದವರಲ್ಲಿದ್ದರು.

ಕಾವಲಿನ ಖರ್ಚು ಹೊಂದಿಸಲು ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷಕ್ಕೆ ಹಾಕಬೇಕಾಯಿತು. ರಾತ್ರಿಯ ಗೆಳೆಯರು ಬೇಸರಗೊಂಡು ಬೇರೆ ಕಡೆ ಹೋಗತೊಡಗಿದರು. ಹೀಗೆ ಬಿಟ್ಟುಕೊಟ್ಟದ್ದನ್ನು ಸಂಘದ ಹೆಂಗಸರಿಗೆ ಹೇಳಿಕೊಳ್ಳಲು ಅವನಿಗೆ ಆಸೆಯಿತ್ತು, ಹೇಳುವ ಬಗೆ ತಿಳಿಯಲಿಲ್ಲ. ಆಗದೆ ಉಳಿದ ತಪ್ಪನ್ನು ಯಾರಿಗೆ ತೋರಿಸುವುದು? ಒಂದು ಸಂಘದ ಪ್ರತಿನಿಧಿಗೆ ನಾನೇ ವಿವರಿಸಲು ಹೋದೆ. ಆಕೆ ಆಕಾಶದ ಕಣದವರೆಗೂ ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ ಸ್ವಾಮಿ, ಲೆಕ್ಕ ತಪ್ಪಾದ್ರೆ ನಾವು ಯಾರನ್ನ ಕೇಳ್ಬೇಕು?” ಎಂದರು. ನಾನು ಹುಡುಗನ ಕಡೆ ನೋಡಿದೆ. ಅವನು, “ನನ್ನ ಕೇಳಿ ಅಕ್ಕ” ಎಂದ.

ಅವರು ತಮ್ಮ ಹಳೆಯ ನೋಟುಪುಸ್ತಕವನ್ನು ಬಿಟ್ಟಿಲ್ಲ. ತಿಂಗಳ ಸಭೆಯಲ್ಲಿ ಅವನ ಅಚ್ಚಿನ ಹಾಳೆಯನ್ನು ಒಬ್ಬಾಕೆ ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬಾಕೆ ನೋಟುಪುಸ್ತಕದ ಮೇಲೆ ಬೆರಳಿಟ್ಟು, ಹೆಸರು ಹೆಸರಿಗೂ ಹೂಂಗುಟ್ಟುತ್ತಾ ಹೋಗುತ್ತಾರೆ.