ಆರು ದಿನದ ತಟ್ಟೆ, ಏಳನೆಯ ದಿನದ ತಟ್ಟೆ

ವಾರದ ಆರು ದಿನ ಬೆಳಗ್ಗೆ ಎರಡು ನೀರುದೋಸೆಯನ್ನು ನಿಂತುಕೊಂಡೇ ತಿಂದು ಬಸ್ಸು ಹಿಡಿಯುವ, ಮಧ್ಯಾಹ್ನ ಬುತ್ತಿಯಲ್ಲಿ ತಣ್ಣಗಾದ ಕುಚ್ಚಲಕ್ಕಿ ಅನ್ನ ಮತ್ತು ಮೀನು ಸಾರಿನಲ್ಲಿ ತೃಪ್ತಿಪಟ್ಟುಕೊಳ್ಳುವ ಮನುಷ್ಯನು ಭಾನುವಾರ ಬಂತೆಂದರೆ ಬೇರೆಯೇ ಮನುಷ್ಯನಾಗುತ್ತಾನೆ. ಅಂದು ಉಪಾಹಾರ ಹತ್ತು ಗಂಟೆಗೆ. ಮಧ್ಯಾಹ್ನ ಎರಡೂವರೆಗೆ ಬಿರಿಯಾನಿ ಅಥವಾ ತುಪ್ಪದನ್ನ, ಅದರೊಂದಿಗೆ ಕೋಳಿಯೋ ಕುರಿಯೋ. ಸಂಜೆ ಚಹಾದ ಜೊತೆ ಕರಿದ ತಿಂಡಿ. ರಾತ್ರಿ ‘ಹಸಿವೇ ಇಲ್ಲ’ ಎನ್ನುತ್ತಲೇ ಮಧ್ಯಾಹ್ನದ ಮಿಗತೆಗೆ ಕೈ ಹಾಕುತ್ತಾನೆ. ಸೋಮವಾರ ಬೆಳಗ್ಗೆ ಹೊಟ್ಟೆ ಭಾರ, ಮುಖ ಗಂಟು. ಮತ್ತೆ ಎರಡು ದೋಸೆ, ಮತ್ತೆ ಬಸ್ಸು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನಮ್ಮಲ್ಲಿ ಹೆಚ್ಚಿನವರ ವಾರ ಹೀಗೆಯೇ ಉರುಳುತ್ತದೆ. ಇದರಲ್ಲೇನು ತಪ್ಪು, ದುಡಿಯುವವನಿಗೆ ಒಂದು ದಿನ ಚೆನ್ನಾಗಿ ಉಣ್ಣುವ ಹಕ್ಕಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆರು ದಿನ ಮಿತವಾಗಿ ಉಂಡವನು ಮತ್ತು ಏಳನೆಯ ದಿನ ಮಿತಿಮೀರಿ ಉಂಡವನು, ಇವರಿಬ್ಬರಲ್ಲಿ ನಿಜವಾದ ‘ನಾನು’ ಯಾರು? ಆರು ದಿನದ ಮಿತಾಹಾರವು ಸಂಯಮವೇ, ಅಥವಾ ಕೇವಲ ಸಮಯದ ಅಭಾವವೇ? ಗಡಿಯಾರವು ನಮ್ಮ ಕೈ ಹಿಡಿದು ನಿಲ್ಲಿಸಿದ್ದನ್ನು ನಾವು ನಮ್ಮ ಸದ್ಗುಣವೆಂದು ಲೆಕ್ಕ ಬರೆದುಕೊಳ್ಳುತ್ತಿದ್ದೇವೆಯೇ?

ಭಾನುವಾರದ ರಜೆಯೇ ನಮಗೆ ತೀರಾ ಹಳೆಯದಲ್ಲ. 1890ರಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ಅದು ದೊರೆತದ್ದು ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದ ಹೋರಾಟದಿಂದ. ವಾರವಿಡೀ ದಣಿದ ದೇಹಕ್ಕೆ ವಿಶ್ರಾಂತಿ ಸಿಗಲಿ ಎಂಬುದು ಅದರ ಉದ್ದೇಶವಾಗಿತ್ತು. ಇಂದು ಅದೇ ದಿನ ಹೊಟ್ಟೆಗೆ ವಾರದಲ್ಲೇ ಅತ್ಯಂತ ಹೆಚ್ಚಿನ ದುಡಿಮೆ! ಅಮೇರಿಕದ ಮನಶ್ಶಾಸ್ತ್ರಜ್ಞ ಜಾನ್ ಡಿ ಕ್ಯಾಸ್ಟ್ರೊ ಎಂಬವರು ಜನರಿಂದ ಪ್ರತಿದಿನದ ಊಟದ ದಿನಚರಿ ಬರೆಸಿ ಪರಿಶೀಲಿಸಿದ್ದರು. ವಾರಾಂತ್ಯದಲ್ಲಿ ಜನರು ಹೆಚ್ಚು ತಿನ್ನುತ್ತಾರೆ, ಇತರರ ಜೊತೆ ಕುಳಿತಾಗ ಒಬ್ಬಂಟಿಯಾಗಿ ಇರುವುದಕ್ಕಿಂತ ಹೆಚ್ಚು ತಿನ್ನುತ್ತಾರೆ ಎಂದು ಅವರು ಕಂಡುಕೊಂಡರು. ನಮ್ಮ ಅಜ್ಜಿಯಂದಿರಿಗೆ ಇದನ್ನು ಹೇಳಲು ಯಾವ ಸಂಶೋಧನೆಯೂ ಬೇಕಾಗಿರಲಿಲ್ಲ. ಆದರೂ ಇದರಲ್ಲೊಂದು ಮುಖ್ಯ ಸಂಗತಿಯಿದೆ. ಭಾನುವಾರ ನಮ್ಮನ್ನು ಸೆಳೆಯುವುದು ಬಿರಿಯಾನಿ ಮಾತ್ರವಲ್ಲ. ಆರು ದಿನ ಬೇರೆ ಬೇರೆ ಹೊತ್ತಿನಲ್ಲಿ ಉಂಡ ಮನೆಯವರು ಅಂದು ಒಂದೇ ಸುಪ್ರದ ಸುತ್ತ ಕುಳಿತಿರುತ್ತಾರೆ. ನಾವು ಹಸಿದಿರುವುದು ಅದಕ್ಕಾಗಿ, ಆದರೆ ತುಂಬಿಸುವುದು ಹೊಟ್ಟೆಯನ್ನು.

ಎಲ್ಲ ದಿನಗಳೂ ಒಂದೇ ಎಂದು ಇಸ್ಲಾಮ್ ಹೇಳಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಎರಡು ಈದ್‌ಗಳಂದು ಉಪವಾಸ ಆಚರಿಸುವುದು ನಿಷಿದ್ಧ. ಬಕ್ರೀದಿನ ನಂತರದ ಮೂರು ದಿನಗಳನ್ನು ಪ್ರವಾದಿವರ್ಯರು(ಸ) ತಿನ್ನುವ, ಕುಡಿಯುವ ಮತ್ತು ಅಲ್ಲಾಹನನ್ನು ಸ್ಮರಿಸುವ ದಿನಗಳೆಂದು ಕರೆದಿದ್ದಾರೆ. ಸೋಮವಾರ ಮತ್ತು ಗುರುವಾರ ಅವರು ಉಪವಾಸವಿರುತ್ತಿದ್ದರು. ಶುಕ್ರವಾರದ ವಿಷಯವಂತೂ ಇನ್ನೂ ಸ್ವಾರಸ್ಯಕರ. ಒಂದು ಶುಕ್ರವಾರ ಪ್ರವಾದಿವರ್ಯರು(ಸ) ಪತ್ನಿ ಜುವೈರಿಯಾ(ರ)ರ ಬಳಿಗೆ ಬಂದಾಗ ಅವರು ಉಪವಾಸವಿದ್ದರು. ನಿನ್ನೆಯೂ ಇದ್ದಿರಾ ಎಂದು ಕೇಳಿದರು, ಇಲ್ಲ ಎಂದರು. ನಾಳೆ ಇರುವ ಉದ್ದೇಶವಿದೆಯೇ ಎಂದು ಕೇಳಿದರು, ಅದಕ್ಕೂ ಇಲ್ಲವೆಂದರು. ಹಾಗಾದರೆ ಉಪವಾಸ ಬಿಡಿರೆಂದು ಪ್ರವಾದಿವರ್ಯರು(ಸ) ಸೂಚಿಸಿದರು. ಬುಖಾರಿಯಲ್ಲಿ ಈ ವರದಿಯಿದೆ.

ಅಂದರೆ ಉಣ್ಣುವ ದಿನವೊಂದು, ಉಪವಾಸದ ದಿನವೊಂದು ಎಂದು ವಾರಕ್ಕೊಂದು ಲಯವಿರುವುದು ಸತ್ಯವಿಶ್ವಾಸಿಯ ಬದುಕಿಗೆ ಅನ್ಯವಲ್ಲ. ಪವಿತ್ರ ಕುರ್‌ಆನ್ ಅಲ್ ಅಅ್‌ರಾಫ್ ಅಧ್ಯಾಯದ 31ನೆಯ ಸೂಕ್ತದಲ್ಲಿ ಉಣ್ಣಲು, ಕುಡಿಯಲು ಆದೇಶಿಸಿದ ಉಸಿರಿನಲ್ಲೇ ಅತಿರೇಕವನ್ನು ತಡೆಯುತ್ತದೆ. ಮುಂದಿನ ಸೂಕ್ತದಲ್ಲಿ, ಅಲ್ಲಾಹನು ದಾಸರಿಗಾಗಿ ಒದಗಿಸಿದ ಉತ್ತಮ ಆಹಾರವನ್ನು ನಿಷಿದ್ಧಗೊಳಿಸಿದವರು ಯಾರೆಂದು ಪ್ರಶ್ನಿಸುತ್ತದೆ. ಈ ಎರಡು ಸೂಕ್ತಗಳನ್ನು ಜೊತೆಯಾಗಿಯೇ ಓದಬೇಕು. ಕೆಲವರಿಗೆ ಮೊದಲನೆಯದು ಮಾತ್ರ ನೆನಪಿರುತ್ತದೆ, ಅವರು ಇತರರ ತಟ್ಟೆಯನ್ನು ಇಣುಕಿ ನೋಡುತ್ತಾರೆ. ಕೆಲವರಿಗೆ ಎರಡನೆಯದು ಮಾತ್ರ ನೆನಪಿರುತ್ತದೆ, ಅವರು ತಮ್ಮ ತಟ್ಟೆಯನ್ನೂ ನೋಡುವುದಿಲ್ಲ.

ಮದೀನಾದ ಶುಕ್ರವಾರದ ಊಟವೊಂದರ ವಿವರ ನಮಗೆ ಲಭ್ಯವಿದೆ. ಸಹ್‌ಲ್ ಬಿನ್ ಸಅದ್(ರ) ಅದನ್ನು ವರದಿ ಮಾಡಿದ್ದಾರೆ. ಅಲ್ಲೊಬ್ಬ ವೃದ್ಧೆಯಿದ್ದರು. ನೀರಿನ ಕಾಲುವೆಯ ಬದಿಯಲ್ಲಿ ಬೆಳೆಯುತ್ತಿದ್ದ ಒಂದು ಬಗೆಯ ಸೊಪ್ಪಿನ ಬೇರುಗಳನ್ನು ಕಿತ್ತು ಪಾತ್ರೆಗೆ ಹಾಕಿ, ಅದರ ಮೇಲೆ ಒಂದಿಷ್ಟು ಬಾರ್ಲಿ ಉದುರಿಸಿ ಬೇಯಿಸುತ್ತಿದ್ದರು. ಅದರಲ್ಲಿ ಕೊಬ್ಬಿನ ಅಂಶವೂ ಇರುತ್ತಿರಲಿಲ್ಲ. ಸಹಾಬಿಗಳು ಜುಮಾ ನಮಾಝ್ ಮುಗಿಸಿ ಆಕೆಯ ಮನೆಗೆ ಹೋಗಿ ಸಲಾಮ್ ಹೇಳುತ್ತಿದ್ದರು, ಆಕೆ ಅದನ್ನು ಬಡಿಸುತ್ತಿದ್ದರು. ಆ ಊಟಕ್ಕಾಗಿ ತಾವು ಶುಕ್ರವಾರವನ್ನು ಸಂತೋಷದಿಂದ ಎದುರುನೋಡುತ್ತಿದ್ದೆವೆಂದು ಸಹ್‌ಲ್(ರ) ಹೇಳುತ್ತಾರೆ.

ಈ ವರದಿಯನ್ನು ಇನ್ನೊಮ್ಮೆ ಓದಿರಿ. ಶುಕ್ರವಾರದ ವಿಶೇಷ ಊಟವಿದೆ, ಅದಕ್ಕಾಗಿ ಕಾತರವಿದೆ, ಅದನ್ನು ಮರೆಮಾಚದೆ ಹೇಳುವ ಸರಳತೆಯೂ ಇದೆ. ಇಲ್ಲದಿರುವುದು ಮಾಂಸ, ತುಪ್ಪ ಮತ್ತು ಮಸಾಲೆ. ಸೊಪ್ಪು ಮತ್ತು ಬಾರ್ಲಿಯ ಗಂಜಿಯಂಥ ಒಂದು ಪದಾರ್ಥ ದಿನವನ್ನು ಹಬ್ಬವಾಗಿಸಿತ್ತು. ಬಡಿಸುವ ಆ ಕೈಗಳು ಮತ್ತು ಜೊತೆಗೆ ಕುಳಿತ ಆ ಜನರು ಇಲ್ಲದಿರುತ್ತಿದ್ದರೆ ಅದೇ ಪಾತ್ರೆಯಲ್ಲಿ ಏನಿರುತ್ತಿತ್ತು? ಬೇಯಿಸಿದ ಬೇರುಗಳು, ಅಷ್ಟೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಊಟದ ಕುರಿತು ಎರಡು ಕಡೆ ಚರ್ಚಿಸಿದ್ದಾರೆ. ಒಂದು ಕಡೆ ಊಟದ ಶಿಷ್ಟಾಚಾರಗಳು, ಇನ್ನೊಂದು ಕಡೆ ಹೊಟ್ಟೆಯ ಆಸೆಯನ್ನು ಪಳಗಿಸುವ ವಿಧಾನ. ಎರಡನೆಯದರಲ್ಲಿ ಅವರು ಹಸಿವಿನ ಮಹತ್ವವನ್ನು ಬಹಳವಾಗಿ ಹೇಳಿದ ಬಳಿಕ ನಿಲ್ಲುವುದು ಮಧ್ಯಮ ಮಾರ್ಗದಲ್ಲಿ. ಹೊಟ್ಟೆಯ ಭಾರವೂ ಅರಿವಿಗೆ ಬರಬಾರದು, ಹಸಿವಿನ ನೋವೂ ಅರಿವಿಗೆ ಬರಬಾರದು, ಹೊಟ್ಟೆಯೊಂದಿದೆ ಎಂಬುದೇ ಮರೆತುಹೋಗಬೇಕು ಎಂಬುದು ಅವರ ಅಳತೆ. ಮನುಷ್ಯನ ಸ್ವಭಾವವು ತುಂಬಿದ ಹೊಟ್ಟೆಯತ್ತ ಬಲವಾಗಿ ಎಳೆಯುವುದರಿಂದಲೇ ಧರ್ಮವು ಹಸಿವಿನತ್ತ ಬಲವಾಗಿ ಎಳೆಯುತ್ತದೆ, ಎರಡೂ ಸೇರಿ ನಡುವೆ ನಿಲ್ಲಲಿ ಎಂದು, ಎಂಬುದು ಅವರ ವಿವರಣೆ.

ಈ ಅಳತೆಗೋಲನ್ನು ನಮ್ಮ ವಾರದ ಮೇಲೆ ಇಟ್ಟರೆ ಫಲಿತಾಂಶ ವಿಚಿತ್ರವಾಗಿದೆ. ಸೋಮವಾರದಿಂದ ಶನಿವಾರದ ವರೆಗೆ ಹನ್ನೆರಡು ಗಂಟೆಗೇ ಹೊಟ್ಟೆ ಕೂಗುತ್ತದೆ, ನಾವು ಗಡಿಯಾರ ನೋಡುತ್ತೇವೆ. ಭಾನುವಾರ ಅಸರ್‌ನ ಹೊತ್ತಿಗೆ ಹೊಟ್ಟೆ ಭಾರವಾಗಿ ದಿಂಬು ಹುಡುಕುತ್ತೇವೆ. ಹೊಟ್ಟೆಯನ್ನು ಮರೆತ ದಿನವೇ ಇಲ್ಲ! ಕಡಿಮೆ ಮತ್ತು ಹೆಚ್ಚನ್ನು ಕೂಡಿಸಿ ಏಳರಿಂದ ಭಾಗಿಸಿದರೆ ಲೆಕ್ಕದಲ್ಲಿ ಮಧ್ಯಮ ಪ್ರಮಾಣ ಬಂದೀತು. ಆದರೆ ಸಂಯಮವು ಸರಾಸರಿಯಲ್ಲ. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದು ಪ್ರತಿಯೊಂದು ಊಟಕ್ಕೆ, ವಾರದ ಮೊತ್ತಕ್ಕಲ್ಲ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ ಅಲ್ಪವಾದರೂ ನಿರಂತರವಾದುದು ಎಂಬ ಹದೀಸನ್ನು ನಾವು ನಮಾಝ್ ಮತ್ತು ದಾನಕ್ಕೆ ಅನ್ವಯಿಸುತ್ತೇವೆ. ಅನ್ನದ ತಟ್ಟೆಗೆ ಅದು ಅನ್ವಯಿಸದಿರಲು ಕಾರಣವೇನೂ ಕಾಣುವುದಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಬೀಡಿ ಕಟ್ಟಿ, ಕಲ್ಲು ಹೊತ್ತು ಬದುಕುವ ಮನೆಗಳಲ್ಲಿ ವಾರದ ಬಟವಾಡೆಯ ಹಣದಿಂದ ತಂದ ಅರ್ಧ ಕಿಲೋ ಕೋಳಿಯೇ ಮಕ್ಕಳು ಕಾಣುವ ಏಕೈಕ ಮಾಂಸ. ಆ ಮನೆಯವರಿಗೆ ಮಿತಾಹಾರದ ಉಪದೇಶ ಮಾಡುವುದು ಉಪದೇಶವಲ್ಲ, ಕ್ರೌರ್ಯ. ಈ ಬರಹ ಅವರ ಕುರಿತಾದುದಲ್ಲ.

ಭಾನುವಾರದ ಊಟದಲ್ಲಿ ಎಲ್ಲಕ್ಕಿಂತ ಹೆಚ್ಚು ಚಿಂತಿಸಬೇಕಾದ ವಿಷಯ ತಟ್ಟೆಯಲ್ಲಿಲ್ಲ, ಒಲೆಯ ಬಳಿಯಿದೆ. ಗಂಡನಿಗೆ ರಜೆ, ಮಕ್ಕಳಿಗೆ ರಜೆ. ಮನೆಯಾಕೆಗೆ? ಉಳಿದ ದಿನಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮನೆ ಖಾಲಿಯಾದ ಮೇಲೆ ಆಕೆಗೆ ಒಂದಿಷ್ಟು ಬಿಡುವಾದರೂ ಸಿಗುತ್ತದೆ. ಭಾನುವಾರ ಅದೂ ಇಲ್ಲ. ತೆಂಗಿನಕಾಯಿ ತುರಿಯುವುದು, ಈರುಳ್ಳಿ ಹುರಿಯುವುದು, ಮಸಾಲೆ ಅರೆಯುವುದು, ಇದರ ನಡುವೆ ‘ಇನ್ನೂ ಆಗಲಿಲ್ಲವೇ?’ ಎಂಬ ಪ್ರಶ್ನೆ. ಲುಹರ್ ನಮಾಝನ್ನು ಆಕೆ ಅವಸರದಲ್ಲಿ ಮುಗಿಸುತ್ತಾಳೆ. ಎಲ್ಲರೂ ಉಂಡ ಮೇಲೆ ಆಕೆ ಕುಳಿತುಕೊಳ್ಳುವಾಗ ಒಳ್ಳೆಯ ತುಂಡುಗಳು ಉಳಿದಿರುವುದಿಲ್ಲ. ನಂತರ ಎಣ್ಣೆ ಜಿಡ್ಡಿನ ದೊಡ್ಡ ಪಾತ್ರೆಗಳು. ಆಕೆಯೂ ಹೊರಗೆ ದುಡಿಯುವವಳಾದರೆ ಏಳು ದಿನಗಳಲ್ಲಿ ಒಂದು ದಿನವೂ ಅವಳದಲ್ಲ.

ಅಡುಗೆ ಮಾಡಿ ತಂದ ಸೇವಕನನ್ನು ಜೊತೆಗೆ ಕುಳ್ಳಿರಿಸಿಕೊಳ್ಳದಿದ್ದರೆ ಒಂದೆರಡು ತುತ್ತನ್ನಾದರೂ ಅವನಿಗೆ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಒಲೆಯ ಬಿಸಿಯನ್ನು ಸಹಿಸಿದವನು ಅವನು ಎಂಬುದು ಅವರು ಕೊಟ್ಟ ಕಾರಣ. ಸೇವಕನ ಹಕ್ಕು ಇದಾದರೆ ಜೀವನ ಸಂಗಾತಿಯ ಹಕ್ಕು ಎಷ್ಟಿರಬೇಡ! ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಆಇಶಾ(ರ), ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಉತ್ತರಿಸಿದ್ದರು. ಗಡ್ಡ ಮತ್ತು ಮಿಸ್ವಾಕ್‌ನಲ್ಲಿ ಸುನ್ನತ್ತನ್ನು ಹುಡುಕುವ ನಾವು ಈರುಳ್ಳಿ ಹೆಚ್ಚುವುದರಲ್ಲಿಯೂ ಅದನ್ನು ಹುಡುಕಬಹುದಿತ್ತು.

ನಮ್ಮ ಊರುಗಳಿಂದ ಕೊಲ್ಲಿಗೆ ಹೋದ ಗಂಡಸರಿಗೆ ಈ ಪಾಠ ಅನಿವಾರ್ಯವಾಗಿಯೇ ಸಿಗುತ್ತದೆ. ಅಲ್ಲಿ ದಶಕಗಳ ಕಾಲ ರಜೆಯೆಂದರೆ ಶುಕ್ರವಾರ. ಯು.ಎ.ಇ.ಯಲ್ಲಿ 2022ರ ಜನವರಿಯಿಂದ ಸರಕಾರಿ ರಜೆಯು ಶನಿವಾರ-ಭಾನುವಾರಕ್ಕೆ ಬದಲಾಗಿ ಶುಕ್ರವಾರ ಅರ್ಧ ದಿನವಾಗಿದೆ. ಒಂದೇ ಕೋಣೆಯಲ್ಲಿ ಆರೇಳು ಮಂದಿ ವಾಸಿಸುವಲ್ಲಿ ರಜೆಯ ದಿನದ ಬಿರಿಯಾನಿಗೆ ಒಬ್ಬ ಮಾಂಸ ತೊಳೆಯುತ್ತಾನೆ, ಒಬ್ಬ ಈರುಳ್ಳಿ ಸುಲಿಯುತ್ತಾನೆ, ಮಸಾಲೆಯ ಅಳತೆಗೆ ಊರಿಗೆ ಫೋನ್ ಹೋಗುತ್ತದೆ. ಪಾತ್ರೆ ತೊಳೆಯುವ ಸರದಿಯೂ ಇರುತ್ತದೆ. ಅದೇ ಗಂಡಸರು ರಜೆಯಲ್ಲಿ ಊರಿಗೆ ಬಂದಾಗ ಅಡುಗೆಮನೆಯ ದಾರಿಯನ್ನೇಕೆ ಮರೆಯುತ್ತಾರೋ ತಿಳಿಯದು.

ಇನ್ನು ನೆರೆಮನೆ. ಇಮಾಮ್ ಮಾಲಿಕ್‌ರ ‘ಮುವತ್ತಾ’ದಲ್ಲಿ ಒಂದು ಘಟನೆಯಿದೆ. ಜಾಬಿರ್ ಬಿನ್ ಅಬ್ದುಲ್ಲಾ(ರ) ಮಾಂಸ ಹೊತ್ತು ಹೋಗುತ್ತಿದ್ದಾಗ ಖಲೀಫಾ ಉಮರ್(ರ) ಎದುರಾದರು. ಇದೇನೆಂದು ಕೇಳಿದರು. ಮಾಂಸ ತಿನ್ನಬೇಕೆಂದು ಆಸೆಯಾಯಿತು, ಒಂದು ದಿರ್ಹಮಿಗೆ ಕೊಂಡೆ ಎಂದರು ಜಾಬಿರ್(ರ). ನೆರೆಯವನಿಗಾಗಿಯೋ ದಾಯಾದಿಗಾಗಿಯೋ ಸ್ವಲ್ಪ ಹೊಟ್ಟೆ ಕಟ್ಟಬೇಕೆಂದು ನಿಮಗನಿಸುವುದಿಲ್ಲವೇ ಎಂದು ಉಮರ್(ರ) ಕೇಳಿದರು. ಹಣ ಜಾಬಿರ್(ರ)ರದೇ, ಮಾಂಸ ಹಲಾಲ್. ಉಮರ್(ರ) ಅದನ್ನು ಹರಾಮ್ ಎನ್ನಲಿಲ್ಲ. ಆಸೆಯಾಯಿತು, ಕೊಂಡೆ ಎಂಬ ಎರಡು ಮಾತುಗಳ ನಡುವೆ ನೆರೆಯವನ ನೆನಪೊಂದು ಬರಬೇಕಿತ್ತು ಎಂದಷ್ಟೇ ಅವರು ಸೂಚಿಸಿದರು. ಇಂದಿನ ಫ್ಲಾಟುಗಳಲ್ಲಿ ನಮ್ಮ ಬಿರಿಯಾನಿಯ ಪರಿಮಳ ಎದುರು ಮನೆಯ ಬಾಗಿಲನ್ನು ದಾಟಿ ಹೋಗುತ್ತದೆ. ಆ ಬಾಗಿಲ ಹಿಂದೆ ಒಬ್ಬಂಟಿ ವೃದ್ಧರಿರಬಹುದು, ಕೆಲಸ ಕಳೆದುಕೊಂಡ ಕುಟುಂಬವಿರಬಹುದು, ಮಾಂಸ ತಿನ್ನದ ಹಿಂದೂ ನೆರೆಯವರಿರಬಹುದು. ಅವರಿಗೆ ಹಣ್ಣನ್ನೋ ಪಾಯಸವನ್ನೋ ಕಳುಹಿಸಲು ಯಾರ ಅಡ್ಡಿಯೂ ಇಲ್ಲ.

ಹಾಗಾದರೆ ಭಾನುವಾರದ ಬಿರಿಯಾನಿ ನಿಲ್ಲಿಸಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಪ್ರವಾದಿವರ್ಯರು(ಸ) ಅಬೂದರ್ರ್(ರ)ರಿಗೆ ಸಾರು ಮಾಡುವುದನ್ನು ಬಿಡಲು ಹೇಳಲಿಲ್ಲ. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರ ಮನೆಗಳನ್ನು ನೆನಪಿಟ್ಟುಕೊಳ್ಳಲು ಹೇಳಿದರು. ಮಾಂಸ ಹೆಚ್ಚು ಹಾಕಲು ಹೇಳಲಿಲ್ಲ, ನೀರನ್ನು ಹೇಳಿದರು. ಅದಕ್ಕೆ ಭಾನುವಾರಕ್ಕಾಗಿ ಕಾಯಬೇಕಾಗಿಲ್ಲ, ಬುಧವಾರದ ಮೀನು ಸಾರಿಗೂ ಅಷ್ಟು ನೀರು ಹಾಕಲು ಸಾಧ್ಯವಿದೆ.