ನಿದ್ದೆಗೆ ಗಾಜಿನ ಗೋಡೆ ಬೇಕೇ?

ಅಟ್ಟೂರಿನ 30×40 ಅಡಿಯ ಸೈಟಿನಲ್ಲಿ ಮನೆ ಕಟ್ಟಿಸುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು: ಮಲಗುವ ಕೋಣೆ ನೋಡುವವರಿಗೋ, ಮಲಗುವವರಿಗೋ? ಮಾಂಡೂಕ್ಯ ಉಪನಿಷತ್ತು ಗಾಢನಿದ್ದೆಯನ್ನು ಆಸೆಯೂ ಕನಸೂ ಇಲ್ಲದ ಅವಸ್ಥೆ ಎನ್ನುತ್ತದೆ. ಹಾಗಾದರೆ ಮಲಗುವ ಕೋಣೆ ಆಸೆಪಡುವ ‘ನಾನು’ ಎಂಬುದನ್ನು ಇಳಿಸಿಡಲು ನೆರವಾಗಬೇಕು. ಇದಕ್ಕೆ ವಿರುದ್ಧವಾದ ಉದಾಹರಣೆಯೊಂದಿದೆ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ 1951ರಲ್ಲಿ ಅಮೆರಿಕದಲ್ಲಿ ಮುಗಿಸಿದ ಫಾರ್ನ್ಸ್‌ವರ್ತ್ ಮನೆ ಆಧುನಿಕ ವಾಸ್ತುಶಿಲ್ಪದ ಮೇರುಕೃತಿ. ಸುತ್ತಲೂ ಗಾಜು, ಮಲಗುವುದಕ್ಕೂ ಮುಚ್ಚಿದ ಕೋಣೆಯಿಲ್ಲ. ಅಲ್ಲಿ ನೆಮ್ಮದಿಯಿಲ್ಲವೆಂದು ಒಡತಿ ಎಡಿತ್ ಫಾರ್ನ್ಸ್‌ವರ್ತ್ ಬಹಿರಂಗವಾಗಿಯೇ ದೂರಿದರು.

ಚೆಲುವೂ ಮನಸ್ಸನ್ನು ಹಗುರಗೊಳಿಸುತ್ತದಲ್ಲವೇ ಎನ್ನಬಹುದು. ನಿಜ. ಆದರೆ ಚೆಲುವಿಗೆ ಪ್ರದರ್ಶನ ಬೇಕಿಲ್ಲ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಕಟ್ಟಿಕೊಂಡ ಮನೆ ಒಳಗಿನ ಅಂಗಳಕ್ಕೆ ತೆರೆದುಕೊಳ್ಳುತ್ತದೆ. ಆಕಾಶ, ಬೆಳಕು, ಗಾಳಿ ಮನೆಯೊಳಕ್ಕೇ ಬರುತ್ತವೆ. ಬೀದಿಯ ಕಣ್ಣು ಹೊರಗೇ ಉಳಿಯುತ್ತದೆ. ಮಲಗುವ ಕೋಣೆಗೆ ಒಪ್ಪುವ ಚೆಲುವು ಇದೇ.