ಅಳತೆ ತಪ್ಪದ ಕೊಳಗ

ಪ್ರಾಮಾಣಿಕರಿಗೆ ರಾಜಕೀಯ ಆಗಿಬರುವುದಿಲ್ಲ ಎಂಬ ಮಾತನ್ನು ಮೊದಲು ಹಬ್ಬಿಸಿದವನು ಪ್ರಾಮಾಣಿಕನಂತೂ ಆಗಿರಲಾರ. ಅದನ್ನು ನಂಬಿ ಮನೆಯಲ್ಲೇ ಉಳಿದವರು ಮಾತ್ರ ಒಳ್ಳೆಯ ಜನ.

*

ಬೀಚನಹಳ್ಳಿಯ ಕಬಿನಿ ಜಲಾಶಯದಲ್ಲಿ ನೀರು 2,284 ಅಡಿ ಮುಟ್ಟಿದರೆ ತುಂಬಿತು ಎನ್ನುತ್ತಾರೆ. ಅಲ್ಲಿನ ಅಳತೆಪಟ್ಟಿಗೆ ಬಾಗಿನ ಬಿಡಲು ಬಂದ ಮಂತ್ರಿಯೂ ಒಂದೇ, ಬಲೆ ಹೊತ್ತು ಬಂದ ಬೆಸ್ತನೂ ಒಂದೇ. ಯಾರು ಬಂದು ನೋಡಿದರೂ ಅದೇ ಅಂಕಿ. ನಾಯಕನಲ್ಲಿ ಜನ ಹುಡುಕುವುದು ಇಷ್ಟನ್ನೇ.

*

ಅಳತೆ ಸರಿಯಿದ್ದರೆ ಸಾಲದು. ಹೊಳೆಯ ಮೇಲ್ಭಾಗದ ವಯನಾಡಿನಲ್ಲಿ ಮಳೆ ಹೊಯ್ದ ರಾತ್ರಿ ಯಾವ ಗೇಟು, ಎಷ್ಟು ಎತ್ತಬೇಕು ಎಂದು ಬಲ್ಲವನು ಅಣೆಕಟ್ಟೆಯ ಮೇಲಿರಬೇಕು. ಕೈ ಶುದ್ಧ, ಕೆಲಸ ಬಾರದು ಎಂದರೆ ಕೆಳಗಿನ ಊರು ಮುಳುಗುತ್ತದೆ. ಪ್ರಾಮಾಣಿಕ ನಾಯಕನು ಕಾನೂನು ಓದಬೇಕು, ಬಜೆಟ್ ಓದಬೇಕು, ಕಡತದ ನಡಿಗೆ ತಿಳಿಯಬೇಕು. ಒಳ್ಳೆಯತನ ಕಸುಬಿನ ಜಾಗ ತುಂಬುವುದಿಲ್ಲ.

*

ಹಿಂದೆ ಕೆರೆಯ ನೀರು ಹಂಚಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನೂ ಅವನೇ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವವನೂ ಅವನೇ. ದೊಡ್ಡವರ ಗದ್ದೆ ತೂಬಿನ ಬಾಯಲ್ಲೇ ಇದ್ದರೂ ಕಟ್ಟಕಡೆಯ ಗದ್ದೆಯ ಪೈರು ಒಣಗದಂತೆ ಕಾಯಬೇಕಿತ್ತು. ಸುಗ್ಗಿ ಬಂದಾಗ ಊರಿನ ಕಣಗಳಿಂದ ಅವನಿಗೆ ಆಯ ಸಲ್ಲುತ್ತಿತ್ತು. ನೇರ ನಡೆದವನ ಮನೆಯ ಒಲೆ ಉರಿಯುವುದು ಊರಿನ ಜವಾಬ್ದಾರಿ ಎಂದು ಹಿರಿಯರಿಗೆ ಗೊತ್ತಿತ್ತು. ನಾವೀಗ ಪ್ರಾಮಾಣಿಕತೆಯನ್ನು ಪುಕ್ಕಟೆ ಕೇಳುತ್ತಿದ್ದೇವೆ.

*

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜಿನಲ್ಲಿ ಕೊಳ್ಳುವವನು ಬೇಲಿನ ಮೇಲಿನ ಎಲೆ ನೋಡಿ ಬೆಲೆ ಕಟ್ಟುವುದಿಲ್ಲ. ಒಳಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಎಳೆದು, ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ, ಮೂಸುತ್ತಾನೆ. ಮೇಲೆ ಬಂಗಾರ, ಒಳಗೆ ಕರಕಲು ಇದ್ದರೆ ಬೆಲೆ ಬಿತ್ತು. ಒಂದು ಬೇಲು ಸೊಪ್ಪಿಗೆ ಸಲ್ಲುವ ಈ ಪರೀಕ್ಷೆ ಐದು ವರ್ಷ ಆಳುವವನಿಗೆ ಬೇಡವೇ? ಬಿಳಿ ಅಂಗಿ ಮೇಲಿನ ಎಲೆ. ನಾಮಪತ್ರದ ಜೊತೆ ಸಲ್ಲಿಸುವ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಒಳಗಿನ ಎಲೆ. ಅದನ್ನು ಯಾರು ಬೇಕಾದರೂ ಓದಬಹುದು. ಓದುವವರು ಬೇಕು.

*

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಿರುಗಿ ನಿಂತರು. ಜಗಳ ಹುಟ್ಟಿದ್ದು ಗೇಣಿಭತ್ತ ಅಳೆಯುವ ಕೊಳಗದ ಬಗ್ಗೆ. ಒಡೆಯರ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ದೇಶ ತಿರುಗಿ ನೋಡಿದ ಹೋರಾಟದ ಬುಡದಲ್ಲಿ ಇದ್ದದ್ದು ಒಂದು ಮೋಸದ ಅಳತೆ. ಪ್ರಾಮಾಣಿಕತೆ ಉಪದೇಶದ ವಸ್ತುವೆಂದು ತಿಳಿದವರು ಈ ಕೊಳಗವನ್ನು ನೆನೆಯಬೇಕು. ಬಡವನಿಗೆ ಅದು ಮನೆಗೆ ಎಷ್ಟು ಭತ್ತ ಉಳಿಯಿತು ಎಂಬ ಲೆಕ್ಕ.

*

ಆ ಹೋರಾಟದ ನೆಲದಿಂದ ಬಂದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಮತದಾರರಲ್ಲಿ ಅವರು ಬೇಡಿದ್ದು ಒಂದು ಓಟು, ಒಂದು ನೋಟು. ನೋಟು ಅಂದು ಮತದಾರನ ಜೇಬಿನಿಂದ ಅಭ್ಯರ್ಥಿಯ ಕಡೆಗೆ ಹರಿಯುತ್ತಿತ್ತು. ಇಂದು ಅದೇ ನೋಟು ಅಭ್ಯರ್ಥಿಯ ಚೀಲದಿಂದ ಮತದಾರನ ಕಡೆಗೆ ಹರಿಯುತ್ತಿದೆ. ಹೊಳೆ ಹಿಂದಕ್ಕೆ ಹರಿಯತೊಡಗಿದರೆ ಕೆಳಗಿನ ಗದ್ದೆಗೆ ನೀರೆಲ್ಲಿಂದ ಬರಬೇಕು?

*

ಒಂದು ರೂಪಾಯಿ ಕೊಟ್ಟವನಿಗೆ ಲೆಕ್ಕ ಕೇಳುವ ಧೈರ್ಯ ಬರುತ್ತದೆ. ಐನೂರು ಇಸಿದುಕೊಂಡವನಿಗೆ ತಲೆ ಎತ್ತುವುದೂ ಕಷ್ಟ.

*

ಗೆಲುವಿಗೂ ಎರಡು ಕೊಳಗಗಳಿವೆ. ಗೋಪಾಲಗೌಡರು 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು, ಮಂತ್ರಿ ಆಗಲಿಲ್ಲ, 1972ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಕುರ್ಚಿಯ ಕೊಳಗದಲ್ಲಿ ಅಳೆದರೆ ಅದು ಸೋಲು. ಉಳುವವನಿಗೇ ಹೊಲ ಎಂದು ಅವರು ಕೂಗಿ ಹೇಳಿದ ಮಾತು ಅವರು ಹೋದ ಎರಡೇ ವರ್ಷಕ್ಕೆ ಕಾನೂನಾಯಿತು. ಗೇಣಿದಾರನ ಕೊಳಗದಲ್ಲಿ ಅಳೆದು ನೋಡಿ.

*

ಆ ಕಾನೂನು ತಂದವರು ಆಗಿನ ಮುಖ್ಯಮಂತ್ರಿ, ನಮ್ಮ ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸು. 1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯ ಎಂಬುದು ಘೋಷಣೆಯಿಂದ ಇಳಿದು ಪಹಣಿಗೆ ಬಂತು. ಗೇಣಿದಾರ 7ನೇ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಜಾತಿಯ ತಲೆಯೆಣಿಕೆಯಲ್ಲಿ ಅರಸರದು ತೀರ ಚಿಕ್ಕ ಸಮುದಾಯ. ಸಂಖ್ಯೆಯಿಲ್ಲದವನಿಗೆ ನಾಯಕತ್ವ ದಕ್ಕದು ಎಂಬ ಮಾತನ್ನು ಹುಣಸೂರು ಸುಳ್ಳು ಮಾಡಿ ತೋರಿಸಿತು.

*

ಅದೇ ಅರಸರ ಮೇಲೆ ಭ್ರಷ್ಟಾಚಾರದ ಆರೋಪಗಳೂ ಬಂದವು. 1977ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿ ವಿಚಾರಣೆ ನಡೆಸಿತು. ಅವರಿಂದ ಭೂಮಿ ಪಡೆದವರ ಮನೆಯಲ್ಲಿ ಈ ಮಾತು ಕಹಿಯಾಗಬಹುದು. ಆದರೂ ಋಣ ಬೇರೆ, ಲೆಕ್ಕ ಬೇರೆ. ಅರಸರ ಋಣವನ್ನು ನಾನು ಸಾಯುವತನಕ ಒಪ್ಪುತ್ತೇನೆ. ಬಡವರಿಗೆ ಕೊಟ್ಟವನನ್ನು ಏನೂ ಕೇಳಬಾರದು ಎಂಬ ವಾದವನ್ನು ಒಪ್ಪಲಾರೆ. ಆ ವಾದವನ್ನೇ ಹಿಡಿದು ಆಮೇಲೆ ಏನೂ ಕೊಡದವರೂ ದಾಟಿಕೊಂಡರು.

*

ಬೀಚನಹಳ್ಳಿಯ ಅಣೆಕಟ್ಟೆ ಮುಗಿದದ್ದೂ 1974ರಲ್ಲೇ. ಆ ವರ್ಷ ಕೆಲವರಿಗೆ ಕಾಗದದಲ್ಲಿ ಭೂಮಿ ಬಂತು, ಕಬಿನಿಯ ದಂಡೆಯವರ ಭೂಮಿ ನೀರಿನಡಿ ಹೋಯಿತು. ಒಂದೇ ಸರ್ಕಾರದ ಎರಡು ಕೈ. ಕೊಟ್ಟ ಕೈಯನ್ನು ಮಾತ್ರ ತೋರಿಸುವವನು ಅರ್ಧ ಸತ್ಯವಂತ. ಕಳೆದುಕೊಂಡವರ ಬಳಿ ಹೋಗಿ ಕೂರಬಲ್ಲವನು ಪೂರ್ಣ ನಾಯಕ.

*

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿದರು, ಜನ ಅವರನ್ನು ನೀರ್‌ಸಾಬ್ ಎಂದು ಕರೆದರು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೆಂಗಳೂರಿನ ಅಧಿಕಾರವನ್ನು ಜಿಲ್ಲಾ ಪರಿಷತ್ತುಗಳಿಗೆ ಬಿಟ್ಟುಕೊಟ್ಟರು. 1987ರಲ್ಲಿ ಆ ಪರಿಷತ್ತುಗಳಿಗೆ ನಡೆದ ಚುನಾವಣೆಯಲ್ಲಿ ನಾಲ್ಕನೇ ಒಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಿತ್ತು. ಹಣ ಮುಟ್ಟದವರು ಹಲವರು ಸಿಗುತ್ತಾರೆ. ಕೈಗೆ ಬಂದ ಅಧಿಕಾರವನ್ನು ಹಂಚಿಬಿಡುವವರು ಅಪರೂಪ. ಪ್ರಾಮಾಣಿಕತೆಯ ಕೊನೆಯ ಪರೀಕ್ಷೆ ಅಲ್ಲಿದೆ.

*

1956ರಲ್ಲಿ ಅರಿಯಲೂರಿನ ರೈಲು ಅಪಘಾತವಾದಾಗ ಲಾಲ್ ಬಹದ್ದೂರ್ ಶಾಸ್ತ್ರಿ ರೈಲ್ವೆ ಮಂತ್ರಿ ಪದವಿ ಬಿಟ್ಟರು. ಎಂಟು ವರ್ಷಕ್ಕೆ ಪ್ರಧಾನಿಯಾದರು. ಕುರ್ಚಿ ಬಿಟ್ಟವನನ್ನು ದೇಶ ಮರೆಯುವುದಿಲ್ಲ.

*

ವಿಧಾನಸಭೆಗೆ ನಿಂತವನು ಕಾನೂನಿನಂತೆ ಖರ್ಚು ಮಾಡಬಹುದಾದದ್ದು 40 ಲಕ್ಷ ರೂಪಾಯಿ. ಆ ಗೆರೆ ದಾಟಿದ ಮೊದಲ ರೂಪಾಯಿಯೇ ಮೊದಲ ಸುಳ್ಳು. ಮುಂದಿನ ಐದು ವರ್ಷ ಅದನ್ನು ಮುಚ್ಚಿಕೊಳ್ಳಲು ಹೋಗುತ್ತದೆ.

*

ಮದುವೆಗೆ ಬಂದು ಮುಯ್ಯಿ ಹಾಕದ ಶಾಸಕನನ್ನು ಜಿಪುಣ ಎನ್ನುತ್ತೇವೆ. ಹಬ್ಬಕ್ಕೆ, ಜಾತ್ರೆಗೆ, ದೇವಸ್ಥಾನದ ಗೋಪುರಕ್ಕೆ ಅವನ ಕೈಯನ್ನೇ ನೋಡುತ್ತೇವೆ. ಸಂಬಳದಲ್ಲಿ ಇಷ್ಟೆಲ್ಲ ಸಾಗದು ಎಂದು ನಮಗೂ ಗೊತ್ತು. ಗೊತ್ತಿದ್ದೂ ಕೈ ಚಾಚಿದ ಮೇಲೆ ಅವನ ಕಳ್ಳತನದಲ್ಲಿ ನಮಗೂ ಒಂದು ಪಾಲು ಬಂದಂತೆ.

*

ಊರಿನ ಒಳ್ಳೆಯ ಮೇಷ್ಟ್ರು ಪಂಚಾಯಿತಿಗೆ ನಿಲ್ಲುತ್ತೇನೆಂದರೆ ಜನ ಹೇಳುವುದು: ‘ನಿಮಗ್ಯಾಕೆ ಸಾ ಈ ಗಲೀಜು?’ ಪ್ರೀತಿಯಿಂದಲೇ ಆಡುವ ಮಾತು. ಆ ಪ್ರೀತಿ ಎಷ್ಟು ಜನ ಮೇಷ್ಟ್ರುಗಳನ್ನು ಜಗುಲಿಯಲ್ಲೇ ಕೂರಿಸಿದೆಯೋ! ಹೊಲಸು ತೊಳೆಯಲು ಹೊರಟವರನ್ನು ಬಾಗಿಲಲ್ಲೇ ತಡೆದು ಆಮೇಲೆ ಬೀದಿ ನಾರುತ್ತದೆ ಎಂದರೆ ತಪ್ಪು ಯಾರದು?

*

ಪ್ರಾಮಾಣಿಕನು ಸೋತಾಗ ಅವನ ಪ್ರಾಮಾಣಿಕತೆಯನ್ನು ದೂರುತ್ತೇವೆ. ಅವನ ಜೊತೆ ಮನೆಮನೆಗೆ ಎಷ್ಟು ಜನ ನಡೆದೆವು ಎಂದು ಎಣಿಸುವುದಿಲ್ಲ. ಒಂಟಿ ಎತ್ತಿಗೆ ನೊಗ ಹೂಡಿ ಗೆರೆ ಸೊಟ್ಟಗಾಯಿತೆಂದು ಬೈದಂತೆ.

*

ಪ್ರಾಮಾಣಿಕರು ನಾಯಕರಾಗಿ ಗೆಲ್ಲಬಲ್ಲರು. ಗೆದ್ದವರು ಈ ನೆಲದಲ್ಲೇ ಇದ್ದರು. ಅವರ ಹಿಂದೆ ತಾವೇ ಖರ್ಚು ಹಾಕಿ ನಿಂತ ಜನ ಇದ್ದರು, ಆದ್ದರಿಂದ ಗೆದ್ದರು.

*

ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ನಡೆಯಬೇಕೆಂದು ಕಾನೂನಿದೆ. ಈ ಸಲ ಹೋಗಿ ಕುಳಿತು ಒಂದೇ ಒಂದು ಲೆಕ್ಕ ಕೇಳಿ. ನೇರ ಉತ್ತರ ಕೊಟ್ಟವರ ಹೆಸರು ನೆನಪಿಡಿ. ಅವರು ನಾಳೆ ಚುನಾವಣೆಗೆ ನಿಂತರೆ ಓಟಿನ ಜೊತೆ ಒಂದು ನೋಟನ್ನೂ ಕೊಡಿ.